ಊರು ಕದಲಲಿಲ್ಲ, ಗಡಿ ಕದಲಿತು



“ನಿಮ್ಮ ಸ್ವಂತ ಊರು ಯಾವುದು?” ಎಂದು ಯಾರಾದರೂ ಕೇಳಿದರೆ ನಿಮ್ಮಲ್ಲಿ ಹಲವರು ತಡವರಿಸುತ್ತೀರಿ. ಹುಟ್ಟಿದ್ದು ವಿಶಾಖಪಟ್ಟಣ, ಓದಿದ್ದು ವಿಜಯವಾಡ, ತಂದೆಯವರ ಊರು ಧಾರವಾಡವೋ ಮೈಸೂರೋ. ಆಂಧ್ರದಲ್ಲಿ ಕನ್ನಡವೆಂದರೆ ವರ್ಗವಾಗಿ ಬಂದ ನೌಕರರು ಪೆಟ್ಟಿಗೆಯೊಡನೆ ಹೊತ್ತು ತಂದದ್ದು ಎಂದೂ ನಿಮಗೆ ಅನ್ನಿಸಿರಬಹುದು. ಅದಕ್ಕೇ ನನ್ನ ಸೋದರತ್ತೆಯ ಸೀಮೆಯ ಒಂದು ಹಳ್ಳಿಯ ವಿಷಯ ನಿಮಗೆ ಹೇಳಬೇಕೆನಿಸಿತು.

ಆ ಹಳ್ಳಿ ಹೇಮಾವತಿ. ಹಾಸನದ ಕಡೆಯ ನದಿಯಲ್ಲ. ಮಡಕಶಿರಾ ಸೀಮೆಯ, ಅಮರಾಪುರಂ ಮಂಡಲದ ಊರು. ವಿಶಾಖಪಟ್ಟಣ, ವಿಜಯವಾಡ ಎರಡನ್ನೂ ಹಾದುಹೋಗುವ ಪ್ರಶಾಂತಿ ಎಕ್ಸ್‌ಪ್ರೆಸ್ ಹತ್ತಿ, ಹಿಂದೂಪುರದಲ್ಲಿ ಇಳಿದು, ಮಡಕಶಿರಾ ಮೇಲೆ ಬಸ್ಸಿನಲ್ಲಿ ಹೋಗಬೇಕು. ಬಸ್ಸಿನ ಬೋರ್ಡು ತೆಲುಗು. ಒಳಗಿನ ಮಾತು ಮಾತ್ರ ಮುಂದೆ ಹೋದಂತೆಲ್ಲ ಕನ್ನಡವಾಗುತ್ತ ಬರುತ್ತದೆ. ಈ ಸೀಮೆಯನ್ನು ಮೂರು ಕಡೆಯಿಂದಲೂ ಕರ್ನಾಟಕವೇ ಸುತ್ತುವರಿದಿದೆ.

ಸಾವಿರ ವರ್ಷಗಳ ಹಿಂದೆ ಈ ಹಳ್ಳಿ ನೊಳಂಬ ಅರಸರ ರಾಜಧಾನಿಯಾಗಿತ್ತು. ಶಾಸನಗಳಲ್ಲಿ ಇದರ ಹೆಸರು ಹೆಂಜೇರು. ಅವರ ನಾಡು ನೊಳಂಬವಾಡಿ 32,000. ಇಲ್ಲಿಯ ಸಿದ್ಧೇಶ್ವರನ ಗುಡಿಯಲ್ಲಿ ಶಿವನು ಲಿಂಗವಾಗಿಲ್ಲ, ಮನುಷ್ಯರೂಪದಲ್ಲಿ ಕುಳಿತಿದ್ದಾನೆ. ಪಕ್ಕದ ದೊಡ್ಡೇಶ್ವರ ಗುಡಿಯ ಕಂಬಗಳ ಕೆತ್ತನೆ ನೋಡಿಯೇ ತಿಳಿಯಬೇಕು. ಇಲ್ಲಿಯ ಕೆಲವು ಶಿಲ್ಪಗಳು ಚೆನ್ನೈನ ವಸ್ತುಸಂಗ್ರಹಾಲಯ ಸೇರಿವೆ. ಕಲ್ಲಿನ ಮೇಲಿನ ಬರಹ ಕನ್ನಡ.

ಇನ್ನು ಗಡಿಯ ಕಥೆ ಕೇಳಿ. 1882ರವರೆಗೆ ಈ ಪ್ರದೇಶ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆ ವರ್ಷ ಹೊಸದಾಗಿ ಮಾಡಿದ ಅನಂತಪುರ ಜಿಲ್ಲೆಗೆ ಸೇರಿತು. 1953ರ ಅಕ್ಟೋಬರ್ 1ರಂದು ಮದರಾಸನ್ನು ಬಿಟ್ಟು ಆಂಧ್ರ ರಾಜ್ಯವಾಯಿತು. 1956ರಲ್ಲಿ ಆಂಧ್ರ ಪ್ರದೇಶ. 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆ. ಊರು ಇದ್ದಲ್ಲೇ ಇದೆ. ವಿಳಾಸ ಮಾತ್ರ ಬದಲಾಗುತ್ತ ಬಂತು. ಅಲ್ಲಿಯ ಜನ ಯಾವ ವಲಸೆಯನ್ನೂ ಮಾಡದೆ ಹೊರನಾಡ ಕನ್ನಡಿಗರಾದರು!

ಹಾಗೆಂದು ಅವರೇನೂ ಜಗಳಕ್ಕೆ ನಿಂತವರಲ್ಲ. ಮಂಡಲ ಕಚೇರಿಯಲ್ಲಿ ತೆಲುಗು, ಅಡುಗೆಮನೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ. ಮದುವೆಯ ಸಂಬಂಧಗಳು ಗಡಿಯ ಆಚೆಗೂ ಈಚೆಗೂ ನಡೆಯುತ್ತವೆ. ಆಂಧ್ರ ಸರ್ಕಾರದ ಹತ್ತನೆಯ ತರಗತಿ ಪರೀಕ್ಷೆಯನ್ನು ಕನ್ನಡ ಮಾಧ್ಯಮದಲ್ಲೂ ಬರೆಯಬಹುದು.

ನನ್ನ ಸೋದರತ್ತೆಯ ಮಗ ಹಾಗೆ ಬರೆದವನೇ. ಆದರೆ ತನ್ನ ಮಗಳನ್ನು ಇಂಗ್ಲಿಷ್ ಶಾಲೆಗೆ ಹಾಕಿದ್ದಾನೆ. ಕಾರಣ ಕೇಳಿದೆ. “ಇಲ್ಲಿ ಕೆಲಸ ಕೇಳಿದರೆ ತೆಲುಗು ಸಾಲದು ಅಂತಾರೆ, ಶಿರಾ ಕಡೆ ಹೋದರೆ ನೀವು ಆಂಧ್ರದವರು ಅಂತಾರೆ. ಅವಳಿಗಾದರೂ ಈ ಪಾಡು ಬೇಡ, ಭಾವ,” ಎಂದ. ಅವನ ಮಾತಿಗೆ ಎದುರು ಹೇಳಲು ನನಗೆ ಬಾಯಿ ಬರಲಿಲ್ಲ. ಆ ಹುಡುಗಿ ಅರಳು ಹುರಿದಂತೆ ಕನ್ನಡ ಮಾತಾಡುತ್ತಾಳೆ. ಆದರೆ ಗುಡಿಯ ಬಾಗಿಲಲ್ಲಿ ಇಂದಿನ ಕನ್ನಡದಲ್ಲಿ ಬರೆದ ಒಂದು ಸಾಲನ್ನೂ ಓದಲಾರಳು.

ನೀವು ಕೂಡ ಮಾತಾಡಬಲ್ಲಿರಿ, ಓದಲಾರಿರಿ. ಹಲವರಿಗೆ ಈ ಲೇಖನವನ್ನೂ ಅಮ್ಮನೇ ಓದಿ ಹೇಳುತ್ತಿರಬಹುದು. ನಗರದಲ್ಲಿ ಬೆಳೆದ ನಿಮಗೂ ರಾಜಧಾನಿಯಾಗಿದ್ದ ಹಳ್ಳಿಯ ಆ ಹುಡುಗಿಗೂ ಇರುವ ಕೊರತೆ ಒಂದೇ. ಆದರೆ ನಿಮಗೆ ಒಂದು ಅನುಕೂಲವಿದೆ: ತೆಲುಗು ಅಕ್ಷರ ಬಲ್ಲಿರಿ. ಎರಡೂ ಲಿಪಿಗಳು ಒಂದೇ ಹಳೆಯ ಲಿಪಿಯಿಂದ ಕವಲೊಡೆದವು. ತೆಲುಗಿನ ತಲೆಕಟ್ಟನ್ನು ಸ್ವಲ್ಪ ತಿದ್ದಿಕೊಂಡರೆ ಅರ್ಧ ವರ್ಣಮಾಲೆ ನಿಮ್ಮದಾಗುತ್ತದೆ. ದಿನಕ್ಕೆ ಅರ್ಧ ಗಂಟೆ ಕುಳಿತರೆ ಬೇಸಿಗೆ ರಜೆಯೇ ಸಾಕು.

ಗಡಿಯನ್ನು ಎಲ್ಲಿ ಎಳೆಯಬೇಕೆಂದು ನಮ್ಮನ್ನು ಯಾರೂ ಕೇಳುವುದಿಲ್ಲ. ಮನೆಯೊಳಗೆ ಯಾವ ಭಾಷೆಯನ್ನು ಓದಬೇಕೆಂಬುದನ್ನು ಮಾತ್ರ ನಾವೇ ತೀರ್ಮಾನಿಸಬಹುದು. ಮುಂದಿನ ರಜೆಯಲ್ಲಿ ಬೆಂಗಳೂರಿಗೆ ಹೋಗುವಾಗ ಹಿಂದೂಪುರದಲ್ಲಿ ಒಂದು ದಿನ ಇಳಿಯಿರಿ. ಆಂಧ್ರದ ಮಣ್ಣಿನಲ್ಲಿ ಕನ್ನಡ ಎಷ್ಟು ಹಳೆಯದೆಂದು ಹೆಂಜೇರಿನ ಕಲ್ಲುಗಳೇ ನಿಮಗೆ ಹೇಳುತ್ತವೆ.