ಹೆಸರಿಲ್ಲದ ಚಿತ್ರಕಾರ

ಸಾಹಸಯಾತ್ರೆಗಳ ಚರಿತ್ರೆಯಲ್ಲಿ ನಾಯಕನ ಹೆಸರು ಉಳಿಯುತ್ತದೆ. ಅವನಿಗೆ ದಾರಿ ತೋರಿದವರ ಹೆಸರು ಉಳಿಯುವುದು ಅಪರೂಪ. 2018ರಲ್ಲಿ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಕ್ಯಾಪ್ಟನ್ ಜೇಮ್ಸ್ ಕುಕ್‌ನ ಯಾನಗಳನ್ನು ಕುರಿತ ಪ್ರದರ್ಶನವನ್ನು ನೋಡಿದಾಗ ಈ ಮಾತು ನನಗೆ ಮನವರಿಕೆಯಾಯಿತು. ಕುಕ್ 'ಎಂಡೆವರ್' ಹಡಗಿನಲ್ಲಿ 1768ರಲ್ಲಿ ಇಂಗ್ಲೆಂಡನ್ನು ಬಿಟ್ಟು ಆಗ 250 ವರ್ಷಗಳಾಗಿದ್ದವು.

ದಿನಚರಿ, ನಕಾಶೆಗಳ ನಡುವೆ ನನ್ನನ್ನು ತಡೆದು ನಿಲ್ಲಿಸಿದ್ದು ಒಂದು ಸಣ್ಣ ಜಲವರ್ಣಚಿತ್ರ. ನ್ಯೂಜಿಲೆಂಡಿನ ಮಾವೊರಿಯೊಬ್ಬ ದೊಡ್ಡದೊಂದು ಸಿಗಡಿಯನ್ನು ಆಂಗ್ಲನಿಗೆ ಕೊಟ್ಟು ಬಟ್ಟೆಯನ್ನು ಪಡೆಯುತ್ತಿದ್ದಾನೆ. ಇಬ್ಬರ ಕಣ್ಣಲ್ಲೂ ಎಚ್ಚರವಿದೆ. ಕೊಟ್ಟ ವಸ್ತುವನ್ನು ಇಬ್ಬರೂ ಇನ್ನೂ ಬಿಗಿಯಾಗಿ ಹಿಡಿದಿದ್ದಾರೆ. ಇದನ್ನು ಬರೆದವನು ಯಾರೆಂಬುದು ಬಹುಕಾಲ ತಿಳಿದಿರಲಿಲ್ಲ. ವಿದ್ವಾಂಸರು ಅವನನ್ನು ಅವನದೇ ಇನ್ನೊಂದು ಚಿತ್ರದ ಹೆಸರಿನಿಂದ ಗುರುತಿಸುತ್ತಿದ್ದರು. ಕುಕ್‌ನ ಸಹಯಾತ್ರಿ ಜೋಸೆಫ್ ಬ್ಯಾಂಕ್ಸ್‌ನ ಪತ್ರವೊಂದು 1997ರಲ್ಲಿ ಬೆಳಕಿಗೆ ಬಂದು, ಚಿತ್ರಕಾರ ತುಪಾಯನೆಂದು ಖಚಿತವಾಯಿತು.

ರಾಯಾತೆಯ ದ್ವೀಪದ ಈ ಪುರೋಹಿತ ನೌಕಾವಿದ್ಯೆಯಲ್ಲಿ ಪಾರಂಗತ. 1769ರಲ್ಲಿ ತಾಹಿತಿಯಲ್ಲಿ ಹಡಗನ್ನೇರಿದ. ಅವನ ತಿಳಿವಳಿಕೆಯಿಂದ ಮೂಡಿದ ನಕಾಶೆಯಲ್ಲಿ 74 ದ್ವೀಪಗಳಿವೆ. ಪ್ರದರ್ಶನದಲ್ಲಿದ್ದದ್ದು ಕುಕ್ ಮಾಡಿಕೊಂಡ ಪ್ರತಿ. ಸುಮಾರು 4,000 ಕಿ.ಮೀ. ದೂರದ ನ್ಯೂಜಿಲೆಂಡಿನಲ್ಲಿ ತುಪಾಯ ತನ್ನ ನುಡಿಯನ್ನಾಡಿದಾಗ ಅಲ್ಲಿನವರಿಗೆ ಅದು ಅರ್ಥವಾಯಿತು. ಆ ಮೊದಲ ಭೇಟಿಗಳಲ್ಲಿ ಗುಂಡೇಟಿಗೆ ಮಾವೊರಿಗಳು ಬಲಿಯಾದುದನ್ನು ಅವನ ಮಾತೂ ತಪ್ಪಿಸಲಾಗಲಿಲ್ಲ. ದಕ್ಷಿಣ ಭಾರತದ ಭಾಷೆಗಳ ಬಾಂಧವ್ಯವನ್ನು ಎಲ್ಲಿಸ್ 1816ರಲ್ಲಿ ಬರಹದಲ್ಲಿ ನಿರೂಪಿಸುವುದಕ್ಕೆ 47 ವರ್ಷಗಳ ಮುಂಚೆ, ಅಂಥದೇ ಬಾಂಧವ್ಯವೊಂದು ಕಡಲತೀರದಲ್ಲಿ ಮಾತಿನ ಮೂಲಕವೇ ಸಿದ್ಧವಾಗಿತ್ತು. ತುಪಾಯ ಮಾತ್ರ ತನ್ನ ದ್ವೀಪಕ್ಕೆ ಮರಳಲಿಲ್ಲ. 1770ರ ಡಿಸೆಂಬರಿನಲ್ಲಿ ಬಟಾವಿಯಾದಲ್ಲಿ, ಅಂದರೆ ಇಂದಿನ ಜಕಾರ್ತದಲ್ಲಿ, ರೋಗಕ್ಕೆ ತುತ್ತಾದ.

ಹನ್ನೆರಡನೆಯ ಶತಮಾನದಲ್ಲಿ ಬಳ್ಳಿಗಾವೆಯ ದಾಸೋಜ ಬೇಲೂರಿನ ಶಿಲ್ಪಗಳಲ್ಲಿ ತನ್ನ ಹೆಸರನ್ನು ಕಂಡರಿಸಿದ. ದೇವಾಲಯ ಅರಸನದಾದರೂ ಉಳಿಯ ಒಡೆಯ ಯಾರೆಂಬುದು ಕಲ್ಲಿನಲ್ಲಿ ಉಳಿಯಿತು. ತುಪಾಯನ ಚಿತ್ರದಲ್ಲಿ ಅಂಥ ಅಂಕಿತವಿಲ್ಲ. ಅವನ ಹೆಸರು ಮರಳಿ ಬಂದದ್ದು ಪರರ ಪತ್ರದ ದಯೆಯಿಂದ.

ಇದು ದೂರದ ಕಡಲಿನ ಕಥೆಯಷ್ಟೇ ಅಲ್ಲ. ಮುಂಬಯಿಯ ಕನ್ನಡ ಮನೆಗಳಲ್ಲಿ ಹಿರಿಯ ತಾಯಂದಿರು ಹೇಳುವ ಹಾಡು, ಒಗಟುಗಳನ್ನು ಬರೆದುಕೊಳ್ಳುವ ವಿದ್ಯಾರ್ಥಿಗೂ ಇದು ಸಂಬಂಧಿಸಿದ್ದು. ಸಂಗ್ರಹದ ಮುಖಪುಟದಲ್ಲಿ ಸಂಪಾದಕನ ಹೆಸರು ಹೇಗೂ ಅಚ್ಚಾಗುತ್ತದೆ. ಹಾಡಿದ ತಾಯಿಯ ಹೆಸರು, ಊರು ಅಂದೇ ಟಿಪ್ಪಣಿಗೆ ಸೇರಬೇಕು. ಸೇರದೆಹೋದರೆ, ಅದನ್ನು ತಿಳಿಸುವ ಪತ್ರವೊಂದು ಎರಡು ಶತಮಾನಗಳ ಬಳಿಕ ದೊರೆತೀತೆಂಬ ಭರವಸೆ ಯಾರಿಗೂ ಇಲ್ಲ.