ಎರಡು ತುಂಡಿನ ಹುಸಿಮೀನು



ನನ್ನ ಡಬ್ಬಿ ನೋಡಿದವರು "ಅಣ್ಣಾ, ಇವು ಕಿವಿಯೋಲೆ ಏನು?" ಅಂತ ಕೇಳ್ತಾರೆ. ಅಲ್ಲ. ಗರಿ, ನೂಲು, ತಂತಿ ಸೇರಿಸಿ ಕಟ್ಟಿದ ಹುಸಿಮೀನುಗಳು. ಇಂಗ್ಲಿಷಿನಲ್ಲಿ ಆರ್ಟಿಕ್ಯುಲೇಟೆಡ್ ಸ್ಟ್ರೀಮರ್ ಫ್ಲೈ. ಫ್ಲೈ ಅಂದರೆ ನೊಣ. ಆದರೆ ಇದರದು ನೊಣದ ವೇಷವಲ್ಲ, ದೊಡ್ಡ ಮೀನು ಬೆನ್ನಟ್ಟುವ ಸಣ್ಣ ಮೀನಿನ ವೇಷ.

ಯಡ್ರಾವದಲ್ಲಿದ್ದು ನೂಲಿಗೆ ಪರದಾಡಿದರೆ ಜನ ನಗ್ತಾರೆ. ಇಚಲಕರಂಜಿಯ ಮಗ್ಗಗಳ ಕಂಡಿಕೆಯಲ್ಲಿ ಉಳಿದ ಪಾಲಿಯೆಸ್ಟರ್ ನೂಲೇ ನನಗೆ ಸಾಕು. ಹತ್ತಿಯದು ಬೇಡ, ನೀರಲ್ಲಿ ಕೊಳೆಯುತ್ತದೆ. ಗರಿ ಕೋಳಿ ಅಂಗಡಿಯದು, ಸೋಪಿನ ನೀರಲ್ಲಿ ತೊಳೆದದ್ದು. (ಆದರೂ ಅವ್ವ ಅದನ್ನು ಅಡುಗೆಮನೆ ದಾಟಲು ಬಿಡುವುದಿಲ್ಲ.)

ಮೊದಲು ಹಿಂಭಾಗ: ಗಿಡ್ಡ ಗಾಳಕ್ಕೆ ಮೆತ್ತನೆ ಗರಿಯ ಬಾಲ ಕಟ್ಟಬೇಕು. ಆ ಗಾಳದ ಕಣ್ಣಿನೊಳಗೆ ತಂತಿ ತೂರಿಸಿ, ಒಂದು ಮಣಿ ಪೋಣಿಸಿ, ತಂತಿಯ ಎರಡೂ ತುದಿಗಳನ್ನು ಮುಂದಿನ ಕಡ್ಡಿಗೆ ಬಿಗಿಯಾಗಿ ಸುತ್ತಿ ಅಂಟು ಹಚ್ಚಬೇಕು. ಮಣಿ ಇಲ್ಲದಿದ್ದರೆ ಎರಡು ತುಂಡು ಸಿಕ್ಕಿಕೊಳ್ಳುತ್ತವೆ. ತಲೆಗೆ ದಪ್ಪಗೆ ಉಣ್ಣೆ. ದಾರ ಎಳೆದು ನಿಲ್ಲಿಸಿದರೆ ತಲೆ ನಿಲ್ಲುತ್ತದೆ, ಬಾಲ ಮಾತ್ರ ಇನ್ನೂ ಹೊರಳುತ್ತಿರುತ್ತದೆ, ಥೇಟ್ ಗಾಯಗೊಂಡ ಮೀನಿನ ಹಾಗೆ. ಇನ್ನೊಂದು ಲಾಭ: ಉದ್ದ ಕಡ್ಡಿಯ ಗಾಳವನ್ನು ಮೀನು ಮೀಟಿ ಕಳಚಿಕೊಳ್ಳುತ್ತದೆ, ಗಿಡ್ಡದ್ದನ್ನು ಅಷ್ಟು ಸುಲಭವಾಗಿ ಆಗುವುದಿಲ್ಲ. ಗಾಳದ ಎದುರುಮುಳ್ಳನ್ನು ನಾನು ಇಕ್ಕಳದಲ್ಲಿ ಒತ್ತಿಬಿಡುತ್ತೇನೆ, ಬಿಡಬೇಕಾದ ಮೀನಿನ ಬಾಯಿ ಹರಿಯಬಾರದು.

ನಮ್ಮಲ್ಲಿ ಇದಕ್ಕೆ ಬೀಳುವುದು ಮರಳ. ಮಳೆಗಾಲದಲ್ಲಿ ಅದರ ಮರಿಗಳು ನೀರಿನ ಮೇಲೆ ಕೆಂಪು ಗುಂಪಾಗಿ ಕಾಣುತ್ತವೆ. ತಾಯಿ ತಂದೆ ಕೆಳಗೇ ಕಾವಲು. ಆ ಗುಂಪಿನ ಮೇಲೆ ಹುಸಿಮೀನು ಎಸೆದರೆ ಕಾವಲಿನ ಮೀನು ಹೊಟ್ಟೆಗಾಗಿ ಅಲ್ಲ, ಸಿಟ್ಟಿನಿಂದ ಕಚ್ಚುತ್ತದೆ. ಅದನ್ನು ಎತ್ತಿದ ಮೇಲೆ ಮರಿಗಳು ಬೇರೆ ಮೀನುಗಳ ಪಾಲು. ಇಷ್ಟು ಸುಲಭದ ಬೇಟೆಯನ್ನು ಜಾಣತನ ಅನ್ನಲು ನನಗೆ ಮನಸ್ಸಿಲ್ಲ.

ಈ ಮಾತು ಹೊಸದೇನಲ್ಲ. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಹೆನ್ರಿ ಸಲಿವನ್ ಥಾಮಸ್, 1873ರಲ್ಲಿ ಮಂಗಳೂರಲ್ಲಿ ಅಚ್ಚಾದ 'ದಿ ರಾಡ್ ಇನ್ ಇಂಡಿಯಾ' ಬರೆದವರು, ಗಾಳದ ಹುಚ್ಚಿನವರೇ. ಆದರೂ ಹೊಳೆಗೆ ವಿಷ ಹಾಕಿ, ಸಣ್ಣ ಕಣ್ಣಿನ ಬಲೆಯಲ್ಲಿ ಮರಿ ಬಾಚುವುದನ್ನು ವಿರೋಧಿಸಿದರು.

ನಮ್ಮ ಗುಂಪಿನ ಒಬ್ಬ ತಮ್ಮ ಒಪ್ಪಿಲ್ಲ. "ನಾವು ಬಿಟ್ಟರೆ ಬಲೆಯವರು ಬಿಡ್ತಾರಾ?" ಅಂತಾನೆ. ಬಿಡುವುದಿಲ್ಲ, ನನಗೂ ಗೊತ್ತು. ಅವನಿಗೆಂದು ಕಟ್ಟಿದ ಎರಡು ಹುಸಿಮೀನು ಡಬ್ಬಿಯಲ್ಲೇ ಇವೆ; ಮಳೆಗಾಲ ಮುಗಿದ ಮೇಲೆ ಕೊಡ್ತೀನಿ ಅಂದಿದ್ದೀನಿ. ಸದ್ಯ ಮುಖ ಊದಿಸಿಕೊಂಡು ಓಡಾಡ್ತಿದ್ದಾನೆ.