ವಿಂಕ್ಸ್‌ಳ ಕೊನೆಯ ಓಟ

2019ರ ಏಪ್ರಿಲ್‌ನಲ್ಲಿ ನಾವಿಬ್ಬರೂ ಸಿಡ್ನಿಯಲ್ಲಿದ್ದೆವು. ನಮ್ಮಾಕೆ ಹೋಗಿದ್ದು ಮಗಳ ಬಾಣಂತನಕ್ಕೆ, ನಾನು ಹೋಗಿದ್ದು ಅಂಟಿನುಂಡೆಯ ಡಬ್ಬಿ ಹೊರಲಿಕ್ಕೆ. ಕೊಟ್ಟೂರು ಬಿಟ್ಟು ಬಂದವನಿಗೆ ಆ ಮನೆಯಲ್ಲಿ ಬೇರೇನು ಕೆಲಸ? ಒಂದು ಶುಕ್ರವಾರ ರಾತ್ರಿ ಅಳಿಯ, "ಮಾವಾರ, ನಾಳೆ ರಾಂಡ್‌ವಿಕ್‌ಗೆ ಹೋಗೂಣು ಬರ್ರಿ. ವಿಂಕ್ಸ್ ಕೊನೇ ಸಲ ಓಡ್ತೈತಿ" ಅಂದ. ವಿಂಕ್ಸ್ ಅಂದರೆ ರೇಸಿನ ಕುದುರೆ, ರಾಂಡ್‌ವಿಕ್ ಅಂದರೆ ಅಲ್ಲಿನ ರೇಸ್‌ಕೋರ್ಸು.

ನಮ್ಮ ಕಡೆ ರೇಸ್ ಅಂದರೆ ಜೂಜು, ಮನೆ ಮುಳುಗಿಸುವ ಚಟ. ಬೆಂಗಳೂರಿನ ರೇಸ್‌ಕೋರ್ಸನ್ನೂ ನಾನು ನೋಡಿದ್ದು ಬಸ್ಸಿನ ಕಿಟಕಿಯಿಂದಲೇ. ನಾನು ಮುಖ ಗಂಟಿಕ್ಕಿದ್ದು ಕಂಡು, "ಇದರ ಮ್ಯಾಲೆ ರೊಕ್ಕ ಹಚ್ಚಿದ್ರೂ ಲಾಭ ಏನೂ ಇಲ್ರಿ, ಗೆಲ್ಲೂದು ಎಲ್ಲರಿಗೂ ಗೊತ್ತೈತಿ" ಎಂದು ನಕ್ಕ. ನಿಜ. ಎಷ್ಟೋ ಜನ ಗೆದ್ದ ಟಿಕೆಟನ್ನು ಕೌಂಟರಿಗೆ ಕೊಡದೆ ನೆನಪಿಗೆಂದು ಇಟ್ಟುಕೊಂಡರಂತೆ.

ಆ ರಾತ್ರಿ ಅವನು ಫೋನಿನಲ್ಲಿ ಹಳೆಯ ಓಟವೊಂದನ್ನು ತೋರಿಸಿದ. 2017ರ ಆಗಸ್ಟ್, ಅದೇ ರಾಂಡ್‌ವಿಕ್, ವಾರ್ವಿಕ್ ಸ್ಟೇಕ್ಸ್, 1400 ಮೀಟರ್. ಗೇಟು ತೆರೆದಾಗ ವಿಂಕ್ಸ್ ತಡವರಿಸಿಬಿಟ್ಟಳು. ಉಳಿದವು ಎಷ್ಟೋ ಮುಂದೆ ಹೋಗಿಬಿಟ್ಟವು. ಜಾಕಿ ಹ್ಯೂ ಬೌಮನ್ ಗಾಬರಿಯಾಗಲಿಲ್ಲ, ಅವಸರಪಡಿಸಲೂ ಇಲ್ಲ. ಕೊನೆಯ ನೇರದಲ್ಲಿ ಅವಳನ್ನು ಹೊರಗಿನಿಂದ ತಂದ. ಮುಂದಿದ್ದ ಫಾಕ್ಸ್‌ಪ್ಲೇ ಕೂಡ ಇವಳ ಟ್ರೈನರ್ ಕ್ರಿಸ್ ವಾಲರ್ ಅವರ ಲಾಯದ್ದೇ. ಕಂಬ ದಾಟುವಾಗ ಮೂಗಿನಷ್ಟು ಅಂತರ, ಗೆದ್ದವಳು ವಿಂಕ್ಸ್. ನನ್ನ ಕೇಳಿದರೆ ಅವಳ ಎಲ್ಲ ಓಟಗಳಲ್ಲಿ ಅದೇ ದೊಡ್ಡದು. ನಾಲ್ಕು ವರ್ಷ ಸತತ ಗೆದ್ದ ಕಾಕ್ಸ್ ಪ್ಲೇಟಿಗಿಂತಲೂ ದೊಡ್ಡದು.

ಮರುದಿನ, ಏಪ್ರಿಲ್ 13. ನಲವತ್ತು ಸಾವಿರಕ್ಕೂ ಮೀರಿದ ಜನ. ಹೆಂಗಸರು, ಮಕ್ಕಳು, ಮುದುಕರು. ಮೈಲಾರದ ಡೆಂಕನಮರಡಿಯಲ್ಲಿ ಗೊರವಯ್ಯ ಬಿಲ್ಲೇರಿ "ಸದ್ದಲೇ" ಅಂದರೆ ಲಕ್ಷ ಜನ ಉಸಿರು ಬಿಗಿಹಿಡಿಯುತ್ತಾರಲ್ಲ, ಇಲ್ಲಿ ತದ್ವಿರುದ್ಧ: ಆ ಕಂದುಬಣ್ಣದ ಕುದುರೆ ಹೊರಗೆ ಬಂದಿದ್ದೇ ತಡ, ಇಡೀ ಮೈದಾನ ಕೂಗಿಕೊಂಡಿತು. ಅವಳು ಮಾತ್ರ ಕಿವಿ ನಿಮಿರಿಸಿಕೊಂಡು, ತನಗೂ ಇದಕ್ಕೂ ಸಂಬಂಧವಿಲ್ಲ ಎಂಬಂತೆ ನಡೆದಳು.

ಕ್ವೀನ್ ಎಲಿಜಬೆತ್ ಸ್ಟೇಕ್ಸ್, 2000 ಮೀಟರ್. ಬಹಳ ದೂರ ಅವಳು ಹಿಂದೆಯೇ ಇದ್ದಳು. ತಿರುವಿನಲ್ಲಿ ಹೊರಗಿನಿಂದ ಮುಂದೆ ಸರಿದಾಗ ನಾನೂ ಕುರ್ಚಿ ಬಿಟ್ಟೆದ್ದು ಕಿರುಚಿದೆನಂತೆ. ಅಳಿಯ ಇಂದಿಗೂ ಹೇಳಿ ನಗುತ್ತಾನೆ. ಜಪಾನಿನಿಂದ ಬಂದ ಕ್ಲೂಗರ್ ಎರಡನೆಯದು, ಹಾರ್ಟ್‌ನೆಲ್ ಮೂರನೆಯದು. ಅದು ಅವಳ ಸತತ 33ನೆಯ ಗೆಲುವು. 43 ಓಟಗಳಲ್ಲಿ 37 ಗೆದ್ದು ಅಂದೇ ನಿವೃತ್ತಿ.

ಊರಲ್ಲಿ ಚಳಿಗೆ ಬೆಂಕಿ ಹಾಕಿ ಕೂತಾಗ ಇದನ್ನು ಹೇಳಿದರೆ, ಕುರಿ ಸಾಕುವ ನಮ್ಮ ಓಣಿಯವರು ಓಟದ ಲೆಕ್ಕ ಕೇಳುವುದೇ ಇಲ್ಲ. "ಅದರ ಮರಿ ಏನಾತ್ರಿ ಮೇಷ್ಟ್ರೇ?" ಅನ್ನುತ್ತಾರೆ. ಸರಿಯಾದ ಪ್ರಶ್ನೆಯೇ. 2020ರಲ್ಲಿ ಮೊದಲ ಮರಿ ಉಳಿಯಲಿಲ್ಲ, ವಿಂಕ್ಸ್ ಬದುಕಿದ್ದೇ ದೊಡ್ಡದಾಯಿತು. 2022ರಲ್ಲಿ ಹೆಣ್ಣುಮರಿ ಹುಟ್ಟಿತು. 2024ರ ಏಪ್ರಿಲ್‌ನಲ್ಲಿ ಸಿಡ್ನಿಯ ಹರಾಜಿನಲ್ಲಿ ಅದಕ್ಕೆ ಬಂದ ಬೆಲೆ 1 ಕೋಟಿ ಆಸ್ಟ್ರೇಲಿಯನ್ ಡಾಲರ್, ನಮ್ಮ ಲೆಕ್ಕದಲ್ಲಿ 50 ಕೋಟಿ ರೂಪಾಯಿಗೂ ಹೆಚ್ಚು. ಕೊಂಡವರು ವಿಂಕ್ಸ್‌ಳ ಒಡೆಯರಲ್ಲಿ ಒಬ್ಬರಾದ ಡೆಬ್ಬಿ ಕೆಪಿಟಿಸ್.